ಗಿಣ್ಣಿನ ಪುಡಿಗೆ ಇಲಿಯ ಸಾಕ್ಷಿ

ಗಿಣ್ಣು ತಿಂದು ಬೆಳೆದವರಿಗೆ ‘ಗಿಣ್ಣುಹಾಲು ಸುರಕ್ಷಿತವೇ?’ ಎಂಬ ಪ್ರಶ್ನೆಯೇ ನಗು ತರಿಸೀತು. ಹಸು ಕರು ಹಾಕಿದ ಮನೆಯಿಂದ ಚೊಂಬಿನಲ್ಲಿ ಬಂದ ದಪ್ಪ ಹಳದಿ ಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿಟ್ಟರೆ ಸಾಕು, ಹೆಪ್ಪಿನ ಹಂಗಿಲ್ಲದೆ ಗಟ್ಟಿಯಾಗುತ್ತದೆ. ಕಾವಿಗೆ ಪ್ರತಿಕಾಯ ಪ್ರೋಟೀನುಗಳು ಗಡ್ಡೆಕಟ್ಟುವ ಬಗೆ ಅದು. ರೋಗಾಣುಗಳ ಜೊತೆಗೆ ಪ್ರತಿಕಾಯವೂ ಬಹುಪಾಲು ಕೆಡುತ್ತದೆ. ಆದರೆ ಗಿಣ್ಣುಹಾಲನ್ನು ಒಣಗಿಸಿ ಡಬ್ಬಿಯಲ್ಲಿ ಪುಡಿ ಮಾರುವವರಿಗೆ ಬೇಕಾದದ್ದೇ ಆ ಪ್ರತಿಕಾಯ. ಹಾಗಾಗಿ ಹಾಲಿಗೆ ಹೆಚ್ಚು ಕಾವು ತಾಗಿಸುವುದಿಲ್ಲ. ಅಜ್ಜಿಯ ಗಿಣ್ಣನ್ನು ತೋರಿಸಿ ಈ ಪುಡಿಗೆ ಅಭಯ ಕೊಡಲಾಗದು.

ಪರೀಕ್ಷೆಗಳೇನೋ ಇವೆ. ವಂಶವಾಹಿ ಕೆಡುತ್ತದೆಯೇ ಎಂದು ಬ್ಯಾಕ್ಟೀರಿಯಾದ ಮೇಲೆ ನೋಡುವ ಏಮ್ಸ್ ಪರೀಕ್ಷೆ, ಇಲಿಗಳಿಗೆ 90 ದಿನ ತಿನ್ನಿಸಿ ನೋಡುವುದು, ಇವು ಮಾಮೂಲು ಕ್ರಮ. ಆದರೆ ಅವು ಕೇಳುವುದು ‘ಇದು ವಿಷವೇ?’ ಎಂದಷ್ಟೇ. ಹಾಲಿನ ಅಲರ್ಜಿ ಇರುವವರ ಗತಿಯನ್ನು ಇಲಿ ಹೇಳುವುದಿಲ್ಲ.

ಹೆಚ್ಚು ಚರ್ಚೆಯಾಗಿರುವುದು ಐಜಿಎಫ್-1 ಎಂಬ ಬೆಳವಣಿಗೆಯ ಅಂಶ. ಹಸುವಿನದೂ ಮನುಷ್ಯನದೂ ರಚನೆಯಲ್ಲಿ ಒಂದೇ. 1997ರಲ್ಲಿ ಫಿನ್ಲೆಂಡಿನ ಸಂಶೋಧಕರು 9 ಕ್ರೀಡಾಪಟುಗಳಿಗೆ 8 ದಿನ ಗಿಣ್ಣಿನ ಪೇಯ ಕುಡಿಸಿದಾಗ ರಕ್ತದಲ್ಲಿ ಅದು ಏರಿತ್ತು. 2002ರಲ್ಲಿ ನೆದರ್‌ಲೆಂಡ್ಸ್‌ನವರು ಮತ್ತೆ 9 ಮಂದಿಗೇ ದಿನಕ್ಕೆ 60 ಗ್ರಾಂನಂತೆ 4 ವಾರ ಕೊಟ್ಟರು, ಏರಲಿಲ್ಲ. ಒಂಬತ್ತಕ್ಕೆ ಒಂಬತ್ತು! ವರ್ಷಗಟ್ಟಲೆ ನುಂಗುವವರಿಗೆ 4 ವಾರದ ಲೆಕ್ಕ ಯಾವ ಮೂಲೆಗೆ? ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ‘ವಾಡಾ’ ಗಿಣ್ಣನ್ನು ನಿಷೇಧಿಸಿಲ್ಲ, ಆದರೆ ಅದರಲ್ಲಿರುವ ಐಜಿಎಫ್-1ರ ಕಾರಣಕ್ಕೆ ಕ್ರೀಡಾಪಟುಗಳು ಸೇವಿಸುವುದು ಬೇಡ ಎನ್ನುತ್ತದೆ. ಜಾಣತನದ ಮಾತು.

ನನ್ನ ತಕರಾರು ಬೇರೆ. ಕರು ಹಾಕುವ ಮೊದಲು ಕರೆಯುವುದನ್ನು ನಿಲ್ಲಿಸಿ ಹಸುವನ್ನು ಬತ್ತಿಸುವಾಗ ಕೆಚ್ಚಲುಬಾವು ಬಾರದಿರಲೆಂದು ನಾಲ್ಕೂ ಮೊಲೆಗೆ ಆ್ಯಂಟಿಬಯಾಟಿಕ್ ಟ್ಯೂಬ್ ಏರಿಸುವುದು ಎಷ್ಟೋ ದೊಡ್ಡ ಡೇರಿಗಳಲ್ಲಿ ರೂಢಿ. ದಿನ ತುಂಬುವ ಮೊದಲೇ ಹಸು ಈದರೆ ಆ ಮದ್ದು ಮೊದಲ ಹಾಲಿಗೇ ಇಳಿಯಬಹುದು. ಎಲ್ಲೋ ಒಂದು ಕಂಪನಿಯ ಶುದ್ಧ ಪುಡಿ ತಿಂದು ಇಲಿ ಬದುಕಿತು ಎಂಬುದು, ಇನ್ನೆಲ್ಲೋ ತುಂಬಿದ ಡಬ್ಬಿಗೆ ಜಾಮೀನಾಗದು. ಕೊಟ್ಟಿಗೆಯ ಕಡೆಗೆ ಮುಖ ಮಾಡದ ಸುರಕ್ಷತಾ ಪರೀಕ್ಷೆ ಅರ್ಧ ಪರೀಕ್ಷೆ.

ಕೊಳ್ಳುವ ಮುನ್ನ ಮಾರುವವರನ್ನು ಒಂದು ಮಾತು ಕೇಳಿ: ಈ ಬ್ಯಾಚಿನಲ್ಲಿ ಆ್ಯಂಟಿಬಯಾಟಿಕ್ ಉಳಿಕೆ, ರೋಗಾಣು ನೋಡಿದ ವರದಿ ಇದೆಯೇ? ಇಲ್ಲವೆಂದರೆ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ.