ಸದಸ್ಯರಿದ್ದಾರೆ, ಪಾಲುದಾರರಿಲ್ಲ: ಇಂಗ್ಲೆಂಡಿನ ಹಳ್ಳಿಗಳ ಆಹಾರ ಕ್ಲಬ್ಬುಗಳು

ಬ್ರಿಟನ್ನಿನಲ್ಲಿ ‘ಫುಡ್ ಕ್ಲಬ್’ ಎಂಬ ಹೆಸರಿನಿಂದ ನಡೆಯುವ ವ್ಯವಸ್ಥೆಯು ಧರ್ಮಛತ್ರಕ್ಕೂ ಕಿರಾಣಿ ಅಂಗಡಿಗೂ ನಡುವಿನದು; ಒಂದರಿಂದ ಅಗ್ಗವನ್ನೂ ಇನ್ನೊಂದರಿಂದ ಗಿರಾಕಿಯ ಘನತೆಯನ್ನೂ ಕಡ ಪಡೆದು ಕಟ್ಟಿದ್ದು. ಹಳ್ಳಿಯ ಸಮುದಾಯ ಭವನದಲ್ಲೋ ಚರ್ಚಿಗೆ ಸೇರಿದ ಸಭಾಂಗಣದಲ್ಲೋ ವಾರಕ್ಕೊಂದು ದಿನ ಕೆಲವು ಗಂಟೆಗಳ ಕಾಲ ತೆರೆಯುವ ಈ ಕ್ಲಬ್ಬಿನಲ್ಲಿ, ಹೆಸರು ನೋಂದಾಯಿಸಿಕೊಂಡ ಕುಟುಂಬಗಳು ಕೆಲವೇ ಪೌಂಡುಗಳ ಶುಲ್ಕ ಕೊಟ್ಟು, ಪೇಟೆಯಲ್ಲಿ ಅದರ ಎರಡು ಮೂರು ಪಟ್ಟು ಬೆಲೆಯಾಗುವ ತರಕಾರಿ, ಬ್ರೆಡ್ಡು, ಹಾಲಿನ ಪದಾರ್ಥ, ಡಬ್ಬಿಯ ಕಾಳುಗಳನ್ನು ಒಯ್ಯುತ್ತವೆ. ಇದರ ಮೌಲ್ಯಮಾಪನಕ್ಕೆ ಎಷ್ಟು ಚೀಲ ದಿನಸಿ ಹಂಚಲಾಯಿತು ಎಂಬ ಲೆಕ್ಕವೊಂದೇ ಸಾಲದು. ಶುಲ್ಕ ತೆತ್ತವರಿಗೆ ಆ ಸದಸ್ಯತ್ವ ನಿಜವಾಗಿ ಏನನ್ನು ಕೊಡುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ.

ಈ ಪದ್ಧತಿ ಹುಟ್ಟಿದ್ದು ಇನ್ನೊಂದು ಪದ್ಧತಿಯ ಕೊರತೆಯಿಂದ. ‘ಫುಡ್ ಬ್ಯಾಂಕ್’, ಎಂದರೆ ದಾನವಾಗಿ ಬಂದ ಆಹಾರವನ್ನು ಕೂಡಿಟ್ಟು ಉಚಿತವಾಗಿ ಹಂಚುವ ಉಗ್ರಾಣವು, 1967ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಮೊದಲಾಗಿ, 2000ದಲ್ಲಿ ಟ್ರಸೆಲ್ ಟ್ರಸ್ಟ್ ಎಂಬ ಸಂಸ್ಥೆಯ ಮೂಲಕ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೆಲೆಯೂರಿತು. ವೈದ್ಯರೋ ಸಮಾಜ ಕಾರ್ಯಕರ್ತರೋ ಬರೆದುಕೊಟ್ಟ ಚೀಟಿ ತಂದವರಿಗೆ ಅಲ್ಲಿ ಮೂರು ದಿನಕ್ಕಾಗುವ ದಿನಸಿಯ ಗಂಟು ಸಿಗುತ್ತದೆ. ಹಠಾತ್ತನೆ ಎರಗಿದ ಸಂಕಟಕ್ಕೆ ಈ ಏರ್ಪಾಡು ಒದಗುತ್ತದೆಯಾದರೂ, ದುಡಿಮೆಯಿದ್ದೂ ಪ್ರತಿ ತಿಂಗಳ ಕೊನೆಯ ವಾರ ಕೈ ಬರಿದಾಗುವ ಮನೆಯ ನಿತ್ಯದ ಅಭಾವಕ್ಕೆ ಒಗ್ಗುವುದಿಲ್ಲ. 2013ರಲ್ಲಿ ಸ್ಟಾಕ್‌ಪೋರ್ಟ್‌ನಲ್ಲಿ ಆರಂಭವಾದ ‘ಪ್ಯಾಂಟ್ರಿ’, ಅಂದರೆ ಸದಸ್ಯರೇ ಬಂದು ಬೇಕಾದ್ದನ್ನು ಆರಿಸಿಕೊಳ್ಳುವ ದಿನಸಿ ಕೋಣೆಯೂ, ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣ ಯಾರ್ಕ್‌ಷೈರಿನ ಗೋಲ್ಡ್‌ಥಾರ್ಪ್‌ನಲ್ಲಿ, ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಕೆಲಸವಿಲ್ಲದಂತಾದ ಹಳ್ಳಿಯೊಂದರಲ್ಲಿ, ತೆರೆದ ‘ಕಮ್ಯುನಿಟಿ ಶಾಪ್’ ಎಂಬ ಅಂಗಡಿಯೂ ಈ ಅಭಾವವನ್ನು ಉದ್ದೇಶಿಸಿದವು. ಗೋಲ್ಡ್‌ಥಾರ್ಪ್‌ನಲ್ಲಿ ಆ ಊರಿನವರಾಗಿದ್ದು ಸರ್ಕಾರದ ನೆರವು ಪಡೆಯುವವರಿಗಷ್ಟೇ ಸದಸ್ಯತ್ವ. ಸರಕಿನ ಬೆಲೆ ಶೇ 70ರವರೆಗೆ ಕಡಿಮೆ. ಸಾಲದ ನಿರ್ವಹಣೆ, ಅಡುಗೆ, ಉದ್ಯೋಗಗಳ ಬಗ್ಗೆ ಸಲಹೆಯೂ ಅದರ ಜೊತೆಗಿತ್ತು.

ಕ್ಲಬ್ಬಿನ ಮುಖ್ಯ ಸಾಧನೆಯಿರುವುದು ಅದರ ಚಿಕ್ಕ ಶುಲ್ಕದಲ್ಲಿಯೇ. ಬಡತನವನ್ನು ಸಾಬೀತುಪಡಿಸಿ ಪಡೆದ ಗಂಟಿಗೂ ಹಣ ಕೊಟ್ಟು ಆರಿಸಿಕೊಂಡ ಎಲೆಕೋಸಿಗೂ ಪೌಷ್ಟಿಕತೆಯಲ್ಲಿ ವ್ಯತ್ಯಾಸವಿಲ್ಲದಿದ್ದರೂ ಮನಸ್ಸಿನ ಮೇಲೆ ಅವು ಬೀರುವ ಪರಿಣಾಮ ಬೇರೆ. ಮಕ್ಕಳು ತಿನ್ನದ್ದನ್ನು ಬೇಡವೆನ್ನುವ ಸ್ವಾತಂತ್ರ್ಯ ಪಡೆಯುವವರಿಗೆ ಉಳಿದಿರುವಲ್ಲಿ ಮಾತ್ರ ಸಹಾಯವು ಋಣಭಾರವಾಗದೆ ಇರುತ್ತದೆ. ಹಳ್ಳಿಯಲ್ಲಿ ಈ ಅಂಶಕ್ಕೆ ಇಮ್ಮಡಿ ತೂಕವಿದೆ, ಏಕೆಂದರೆ ನಗರದ ಅನಾಮಿಕತೆ ಅಲ್ಲಿಲ್ಲ, ಹಂಚುವವರೂ ಪಡೆಯುವವರೂ ಒಂದೇ ಬೀದಿಯವರು. ಅಲ್ಲದೆ ಹಳ್ಳಿಯ ಬಡತನದ ಖರ್ಚುಗಳೇ ಬೇರೆ ಬಗೆಯವು: ದೊಡ್ಡ ಸೂಪರ್‌ಮಾರ್ಕೆಟ್ಟು ಹಲವು ಮೈಲಿ ದೂರ, ಬಸ್ಸು ವಿರಳ, ಊರೊಳಗಿನ ಸಣ್ಣ ಅಂಗಡಿಯಲ್ಲಿ ಬೆಲೆ ದುಬಾರಿ, ಅನಿಲದ ಕೊಳವೆ ತಲುಪದ ಮನೆಗಳು ಚಳಿಗಾಲದ ಇಂಧನವನ್ನು ಟ್ಯಾಂಕಿಗೆ ಒಮ್ಮೆಲೇ ನೂರಾರು ಲೀಟರ್ ತುಂಬಿಸಿಕೊಳ್ಳಬೇಕಾದ್ದರಿಂದ ಒಂದೇ ದಿನದಲ್ಲಿ ದೊಡ್ಡ ಮೊತ್ತ ಕೈಬಿಡುತ್ತದೆ. ಬ್ರಿಟನ್ನಿನ ಆಹಾರದ ಬೆಲೆಯೇರಿಕೆ ವಾರ್ಷಿಕ ಶೇ 19ನ್ನು ದಾಟಿದ 2023ರ ಮಾರ್ಚಿನಂತಹ ಕಾಲದಲ್ಲಿ, ನಡೆದುಹೋಗುವಷ್ಟು ಸಮೀಪದಲ್ಲಿ ವಾರಕ್ಕೊಮ್ಮೆ ಸಿಗುವ ಅಗ್ಗದ ದಿನಸಿಯು ಉಳಿಸುವುದು ಹಣವನ್ನಷ್ಟೇ ಅಲ್ಲ, ಪ್ರಯಾಣವನ್ನು ಕೂಡ.

ಆದರೆ ದಿನಸಿಯ ಮೂಲವನ್ನು ನೋಡಿದಾಗ ಈ ಪ್ರಶಂಸೆಗೆ ಮಿತಿ ಹಾಕಬೇಕಾಗುತ್ತದೆ. ಕ್ಲಬ್ಬುಗಳ ಸರಕಿನ ಬಹುಪಾಲು ‘ಸರ್‌ಪ್ಲಸ್’, ಅಂದರೆ ಕಾರ್ಖಾನೆಗಳಲ್ಲೂ ಸೂಪರ್‌ಮಾರ್ಕೆಟ್ಟುಗಳಲ್ಲೂ ಮಾರಾಟವಾಗದೆ ಮಿಕ್ಕ, ತಿನ್ನಲು ಯೋಗ್ಯವಾದ ಆಹಾರ. 1994ರಲ್ಲಿ ಆರಂಭವಾದ ಫೇರ್‌ಶೇರ್‌ನಂತಹ ಸಂಸ್ಥೆಗಳು ಅದನ್ನು ಸಂಗ್ರಹಿಸಿ ಸ್ಥಳೀಯ ಸಂಘಗಳಿಗೆ ತಲುಪಿಸುತ್ತವೆ. ಪೊಟ್ಟಣದ ಮೇಲಿನ ಎರಡು ಬಗೆಯ ದಿನಾಂಕಗಳು ಇಲ್ಲಿ ನಿರ್ಣಾಯಕ: ‘ಬೆಸ್ಟ್ ಬಿಫೋರ್’ ಎಂಬುದು ಗುಣಮಟ್ಟವನ್ನು ಕುರಿತದ್ದಾದ್ದರಿಂದ ಅದು ಕಳೆದರೂ ಆಹಾರವನ್ನು ಹಂಚಬಹುದು; ‘ಯೂಸ್ ಬೈ’ ಸುರಕ್ಷತೆಯನ್ನು ಕುರಿತದ್ದಾದ್ದರಿಂದ ಅದು ಮುಗಿದ ಮೇಲೆ ಹಂಚುವಂತಿಲ್ಲ. ಹೀಗಾಗಿ ಒಂದು ವಾರ ಮೊಸರಿನ ರಾಶಿ, ಮರುವಾರ ಅದರ ಸುಳಿವಿಲ್ಲ. ಸದಸ್ಯರ ಆಯ್ಕೆಯು ಬೇರೆಯವರು ಬಿಟ್ಟುಕೊಟ್ಟದ್ದರ ಒಳಗಿನ ಆಯ್ಕೆ ಮಾತ್ರ. ಇದಕ್ಕಿಂತ ಆಳವಾದ ವಿರೋಧಾಭಾಸವೆಂದರೆ, ವ್ಯಾಪಾರಿಗಳು ಬೇಡಿಕೆಯನ್ನು ಸರಿಯಾಗಿ ಅಂದಾಜಿಸಿ ವ್ಯರ್ಥವನ್ನು ತಗ್ಗಿಸಿದಷ್ಟೂ ಕ್ಲಬ್ಬಿನ ಕಪಾಟು ಬರಿದಾಗುತ್ತದೆ. ಒಂದು ದೋಷ ಸರಿಹೋದರೆ ಇನ್ನೊಂದರ ಪರಿಹಾರ ಕುಸಿಯುವಂತೆ ಎರಡನ್ನೂ ಕಟ್ಟಿಹಾಕಲಾಗಿದೆ.

ಬಡವರು ತಾವೇ ಅಗ್ಗದ ದಿನಸಿಯನ್ನು ಒದಗಿಸಿಕೊಂಡ ಇನ್ನೊಂದು ಮಾದರಿ ಅದೇ ನಾಡಿನಲ್ಲಿದೆ. ಸ್ಟಾಕ್‌ಪೋರ್ಟ್‌ಗೆ ದೂರವಲ್ಲದ ರಾಚ್‌ಡೇಲ್‌ನಲ್ಲಿ ನೇಕಾರರೂ ಕುಶಲಕರ್ಮಿಗಳೂ ಸೇರಿ ತಲಾ ಒಂದು ಪೌಂಡಿನ ಪಾಲು ಹಾಕಿ, 28 ಪೌಂಡುಗಳ ಬಂಡವಾಳ ಕೂಡಿಸಿ, 1844ರ ಡಿಸೆಂಬರ್ 21ರಂದು ತೆರೆದ ಅಂಗಡಿಯಲ್ಲಿ ಮೊದಲಿಗೆ ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿಗಳಷ್ಟೇ ಇದ್ದವು. ಆದರೆ ಕಲಬೆರಕೆಯಿಲ್ಲದ ಸರಕು, ಒಬ್ಬರಿಗೊಂದೇ ಮತ, ಖರೀದಿಗೆ ತಕ್ಕಂತೆ ಲಾಭಾಂಶ ಎಂಬ ಅವರ ನಿಯಮಗಳು ಜಗತ್ತಿನ ಸಹಕಾರ ಚಳವಳಿಗೆ ತಳಹದಿಯಾದವು. ಕನ್ನಡ ನಾಡಿಗೆ ಈ ಮಾತು ಹೊಸದಲ್ಲ: 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಸಹಕಾರ ಸಂಘವು ದಿನಸಿಯದಲ್ಲ, ಸಾಲದ್ದು, ಆದರೂ ಊರಿನವರೇ ಸಂಘದ ಒಡೆಯರು ಎಂಬ ತತ್ತ್ವ ಅಲ್ಲಿಯೂ ಅದೇ. ಕನ್ನಡದಲ್ಲಿ ‘ಪಾಲು’ ಎಂಬ ಪದ ಕೈಗೆ ಬಂದ ಭಾಗವನ್ನೂ ಒಡೆತನದ ಅಂಶವನ್ನೂ ಸೂಚಿಸುತ್ತದೆ. ಆಹಾರ ಕ್ಲಬ್ಬಿನ ಸದಸ್ಯರಿಗೆ ಮೊದಲನೆಯ ಪಾಲು ದೊರೆಯುತ್ತದೆ. ಯಾವ ಸರಕು ತರಿಸಬೇಕು, ಉಳಿದ ಹಣವನ್ನು ಹೇಗೆ ಬಳಸಬೇಕು ಎಂದು ನಿರ್ಧರಿಸುವ ಎರಡನೆಯ ಪಾಲು ಸಾಮಾನ್ಯವಾಗಿ ನಡೆಸುವ ಸಂಸ್ಥೆಯಲ್ಲೇ ಉಳಿಯುತ್ತದೆ.

ಇನ್ನೊಂದು ಅಳತೆಗೋಲು ಹಕ್ಕಿನದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಜಾನೆಟ್ ಪಾಪೆಂಡೀಕ್ 1998ರ ತಮ್ಮ ‘ಸ್ವೀಟ್ ಚಾರಿಟಿ?’ ಗ್ರಂಥದಲ್ಲಿ, ಆಹಾರದಾನವು ಸಮಾಜದ ಅಳುಕನ್ನು ಶಮನಗೊಳಿಸಿ, ಸರ್ಕಾರದ ಹೊಣೆಗಾರಿಕೆಯ ಪ್ರಶ್ನೆಯನ್ನು ಬದಿಗೆ ಸರಿಸುತ್ತದೆ ಎಂದು ವಾದಿಸಿದರು. ಶುಲ್ಕವಿದೆಯೆಂಬ ಕಾರಣಕ್ಕೆ ಆಹಾರ ಕ್ಲಬ್ಬು ಈ ವಾದದಿಂದ ತಪ್ಪಿಸಿಕೊಳ್ಳಲಾರದು. ಭಾರತದ ನ್ಯಾಯಬೆಲೆ ಅಂಗಡಿಯ ಲೋಪಗಳು ಎಷ್ಟೇ ಇರಲಿ, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಬಳಿಕ ಪಡಿತರ ಚೀಟಿ ಹಿಡಿದವರು ಧಾನ್ಯ ಬರದಿದ್ದರೆ ಕಾನೂನನ್ನು ಮುಂದಿಟ್ಟು ಪ್ರಶ್ನಿಸಬಹುದು. ಇಂಗ್ಲೆಂಡಿನ ಕ್ಲಬ್ಬಿನಲ್ಲಿ ಮೊಸರು ಬರದಿದ್ದರೆ ಪ್ರಶ್ನಿಸಲು ಯಾರೂ ಇಲ್ಲ, ಕೊಡುವ ಬಾಧ್ಯತೆ ಯಾರಿಗೂ ಇರಲಿಲ್ಲವಷ್ಟೆ.

ಆದ್ದರಿಂದ ಹಳ್ಳಿಯ ಆಹಾರ ಕ್ಲಬ್ಬನ್ನು ಹಸಿವಿನ ಪರಿಹಾರವೆಂದು ಹೊಗಳುವುದೂ, ವ್ಯರ್ಥ ಸರಕಿನ ವಿಲೇವಾರಿಯೆಂದು ತಳ್ಳಿಹಾಕುವುದೂ ಸರಿಯಲ್ಲ. ಆಹಾರದ ಗಂಟಿಗಿಂತ ಅದು ಒಂದು ಹೆಜ್ಜೆ ಮುಂದು, ಸಹಕಾರಿ ಅಂಗಡಿಗಿಂತ ಒಂದು ಹೆಜ್ಜೆ ಹಿಂದು. ಆ ಅಂತರ ತುಂಬಲು ದೊಡ್ಡ ಬಂಡವಾಳ ಬೇಕಿಲ್ಲ: ಶುಲ್ಕದ ಒಂದಂಶವನ್ನು ಸದಸ್ಯರ ಸಮಿತಿಗೆ ಒಪ್ಪಿಸಿ, ಮಿಕ್ಕ ಸರಕಿನ ಜೊತೆಗೆ ಅಕ್ಕಿ, ಹಿಟ್ಟು, ಎಣ್ಣೆಗಳನ್ನಾದರೂ ಅವರೇ ಸಗಟಾಗಿ ಕೊಂಡು ತರುವಂತಾದರೆ, ಕಪಾಟಿನ ಒಂದು ಸಾಲಾದರೂ ಬೇರೆಯವರ ಮಿಗತೆಯನ್ನು ಅವಲಂಬಿಸದೆ ಪ್ರತಿವಾರ ತುಂಬಿರುತ್ತದೆ. ರಾಚ್‌ಡೇಲ್‌ನ ಅಂಗಡಿ ಆರಂಭವಾದದ್ದೂ ಅಂತಹ ಒಂದೇ ಸಾಲು ಸರಕಿನಿಂದ.