ಮಿಸ್ಡ್ ಕಾಲ್ ಕೊಟ್ಟವರ ಬಾನುಲಿ

ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆ ಜಾತ್ರೆಯ ಕಾರಣಿಕ ಕೇಳಿದವರಿಗೆ ಆ ಗಳಿಗೆ ಮರೆಯುವುದಿಲ್ಲ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಡಮರುಗ, ಪೀಪಿ, ಹರಟೆ ಎಲ್ಲ ನಿಂತುಬಿಡುತ್ತವೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಒಂದೇ ಒಂದು ಸಾಲು ಕೇಳುತ್ತಾರೆ. ಆಮೇಲೆ ಅದು ಮಳೆಗೋ ಬೆಳೆಗೋ ರಾಜಕೀಯಕ್ಕೋ ಎಂದು ಅರ್ಥ ಹಚ್ಚುತ್ತಾ ಊರ ದಾರಿ ಹಿಡಿಯುತ್ತಾರೆ. ಮಾಗಳದಂಥ ಹೊಳೆದಂಡೆಯ ಊರುಗಳಲ್ಲಿ ವರ್ಷವಿಡೀ ಆ ಸಾಲಿನ ಚರ್ಚೆ ನಡೆಯುತ್ತದೆ. ಪತ್ರಕರ್ತ ಶುಭ್ರಾಂಶು ಚೌಧರಿಯವರ ಕೆಲಸವನ್ನು ನಾನು ಅಳೆಯುವುದು ಆ ಮೌನವನ್ನು ಮನಸ್ಸಿನಲ್ಲಿಟ್ಟುಕೊಂಡೇ. ಬಡವರು ಬಾಯಿ ತೆರೆದಾಗ ಯಾರು ಸುಮ್ಮನಾಗಿ ಕೇಳಿದರು?

ಛತ್ತೀಸಗಢದಲ್ಲಿ ಬೆಳೆದ ಚೌಧರಿ ಬಿಬಿಸಿಯಲ್ಲಿ ದಕ್ಷಿಣ ಏಷ್ಯಾದ ನಿರ್ಮಾಪಕರಾಗಿ ವರ್ಷಗಟ್ಟಲೆ ದುಡಿದವರು. ಬಸ್ತಾರದ ಕಾಡಿನಲ್ಲಿ ಮಾವೋವಾದಿಗಳ ಜತೆ ಓಡಾಡಿದ ಅನುಭವವನ್ನು 2012ರಲ್ಲಿ ‘ಲೆಟ್ಸ್ ಕಾಲ್ ಹಿಮ್ ವಾಸು’ ಎಂಬ ಪುಸ್ತಕವಾಗಿಸಿದರು. ತನಿಖಾ ಪತ್ರಕರ್ತನಿಗೆ ಬೇಕಾದ ಎದೆಗಾರಿಕೆ ಅವರಲ್ಲಿತ್ತು. ಕೊರತೆ ಬಿದ್ದದ್ದು ಅಲ್ಲಿನ ಗೊಂಡಿ ಭಾಷೆಯದು. 2011ರ ಜನಗಣತಿ ಪ್ರಕಾರ ಗೊಂಡಿ ಆಡುವವರು ಸುಮಾರು 30 ಲಕ್ಷ. ಕನ್ನಡದ ದಾಯಾದಿಯಾದ ಈ ದ್ರಾವಿಡ ನುಡಿಯನ್ನು ಬಲ್ಲ ಪತ್ರಕರ್ತರನ್ನು ಹುಡುಕಬೇಕು. ದುಭಾಷಿಯ ಬಾಯಿಂದ ಸೋಸಿ ಬಂದದ್ದೇ ಸುದ್ದಿಯಾಗುತ್ತಿತ್ತು.

ಹಾಗಾದರೆ ಅಲ್ಲೊಂದು ಬಾನುಲಿ ಕೇಂದ್ರ ತೆರೆಯಬಹುದಿತ್ತಲ್ಲ? ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. 2006ರ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು. ಆದರೆ ಸುದ್ದಿಗೆ ಮಾತ್ರ ಅಲ್ಲಿ ಜಾಗ ಕೊಡಲಿಲ್ಲ. ಖಾಸಗಿ ಎಫ್‌ಎಂಗೂ ಇದೇ ಕಟ್ಟು. ರೇಡಿಯೊದಲ್ಲಿ ಹಾಡು ಹಾಡಬಹುದು, ಕೃಷಿ ಸಲಹೆ ಕೊಡಬಹುದು, ಪಂಚಾಯ್ತಿಯ ಲೆಕ್ಕ ಕೆದಕುವಂತಿಲ್ಲ. ನಮ್ಮಲ್ಲಿ ತನಿಖಾ ಪತ್ರಕರ್ತರು ಬಾನುಲಿ ಸಾಕ್ಷ್ಯರೂಪಕದ ಕಡೆ ಹೊರಳದೇ ಇರುವುದಕ್ಕೆ ಪ್ರತಿಭೆಯ ಬರಕ್ಕಿಂತ ಈ ಬೇಲಿಯೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಚೌಧರಿ ಟೆಲಿಫೋನಿನ ದಾರಿ ಹಿಡಿದರು. 2010ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದ ಬಿಲ್ ಥೀಸ್ ಅವರ ನೆರವಿನಿಂದ ‘ಸಿಜಿನೆಟ್ ಸ್ವರ’ ಶುರುವಾಯಿತು. ಮಿಸ್ಡ್ ಕಾಲ್ ಕೊಟ್ಟರೆ ಯಂತ್ರವೇ ತಿರುಗಿ ಫೋನ್ ಮಾಡುತ್ತದೆ. ಹೇಳುವುದಿದ್ದರೆ ಒಂದು ಗುಂಡಿ, ಕೇಳುವುದಿದ್ದರೆ ಇನ್ನೊಂದು. ಬಸ್ತಾರದ ಹಳ್ಳಿಗರು ಒತ್ತುತ್ತಿದ್ದ ಸಂಖ್ಯೆ ಬೆಂಗಳೂರಿನ 080ಯಿಂದಲೇ ಶುರುವಾಗುತ್ತಿತ್ತು. ನೆಟ್‌ವರ್ಕ್ ಇಲ್ಲದ ಊರುಗಳಿಗೆ ಬ್ಲೂಟೂತ್ ಮೂಲಕ ಮೊಬೈಲಿನಿಂದ ಮೊಬೈಲಿಗೆ ದಾಟಿಸುವ ‘ಬುಲ್ಟೂ’ ರೇಡಿಯೊ ಆಮೇಲೆ ಬಂತು.

ಆ ಸಂದೇಶಗಳಿಗೆ ಒಂದು ವರಸೆ ಇದೆ. ಮೊದಲು ಹೆಸರು, ಊರು, ಪಂಚಾಯ್ತಿ, ಬ್ಲಾಕ್, ಜಿಲ್ಲೆ. ಆಮೇಲೆ ತೊಂದರೆ: ಬೋರಿಂಗ್ ಕೆಟ್ಟಿದೆ, ಕೂಲಿ ಬಂದಿಲ್ಲ, ಮೇಷ್ಟ್ರು ಶಾಲೆಗೆ ಬರುವುದಿಲ್ಲ. ಕೊನೆಗೆ ಸಂಬಂಧಪಟ್ಟ ಅಧಿಕಾರಿಯ ಫೋನ್ ನಂಬರು, ದಯವಿಟ್ಟು ನೀವೂ ಇವರಿಗೆ ಫೋನ್ ಮಾಡಿ ಎಂಬ ಕೋರಿಕೆ. ಸಂಪಾದಕರು ವಿಚಾರಿಸಿ ನೋಡಿದ ಮೇಲಷ್ಟೇ ಬಿಡುಗಡೆ. ಎಲ್ಲಿಯೋ ಕೂತ ಅಪರಿಚಿತರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿದಾಗ ಅಧಿಕಾರಿ ಕಿವಿ ಕೊಡಲೇಬೇಕಾಗುತ್ತದೆ. ಕೆಲಸವಾದರೆ ಅದೇ ವ್ಯಕ್ತಿ ಮತ್ತೆ ಕರೆ ಮಾಡಿ, ಆಯಿತು ಎಂದು ಹೇಳುತ್ತಾರೆ. ಚೌಧರಿಯವರ ಸಾಧನೆ ನನಗೆ ಕಾಣುವುದು ಈ ಎರಡನೆಯ ಕರೆಯಲ್ಲಿ. ನಮ್ಮ ಪತ್ರಿಕೆಗಳಲ್ಲಿ ದೂರು ಅಚ್ಚಾಗುತ್ತದೆ. ಮುಂದೇನಾಯಿತು ಎಂದು ಕೇಳಿಕೊಂಡು ಅದೇ ಓಣಿಗೆ ಯಾರೂ ಹೋಗುವುದಿಲ್ಲ.

ಆದರೂ ಅಸಮಾಧಾನವೊಂದಿದೆ. ಗೊಂಡಿಗಾಗಿ ಹುಟ್ಟಿದ ವೇದಿಕೆಯಲ್ಲಿ ಹಿಂದಿಯೇ ಹೆಚ್ಚು ಕೇಳಿಸಿತು. ಅಧಿಕಾರಿಗೆ ತಿಳಿಯಬೇಕೆಂದರೆ ಅವನ ಭಾಷೆಯಲ್ಲೇ ಹೇಳಬೇಕಲ್ಲ. ಅರ್ಜಿಯ ಗುಣ ಅದು. ಅರ್ಜಿಯ ಚೌಕಟ್ಟಿಗೆ ಹೊಂದದ ಬದುಕು ಹೊರಗುಳಿಯುತ್ತದೆ. ಹಾಡುಗಳು ಬಂದವು ನಿಜ, ದೂರುಗಳೂ ಬಂದವು. ಎರಡರ ನಡುವಿನದು, ಎಂದರೆ ನೀರಿಗಾಗಿ ನಸುಕಿಗೇ ಎದ್ದವಳ ಇಡೀ ದಿನ ಹೇಗೆ ಸಾಗುತ್ತದೆ ಎಂಬುದು ಬರಲಿಲ್ಲ. ಬಿಬಿಸಿಯಲ್ಲಿ ಧ್ವನಿಯ ಕಸುಬು ಕಲಿತವರು ಮೈಕನ್ನು ಜನರ ಕೈಗೆ ದಾಟಿಸಿದ್ದು ದೊಡ್ಡ ಮಾತು. ದಾಟಿಸುವಾಗ ತಮ್ಮ ಕಿವಿಯನ್ನೂ ಬದಿಗಿಟ್ಟರೇನೋ ಅನ್ನಿಸುತ್ತದೆ. ಬೋರಿಂಗ್ ಕೆಟ್ಟದ್ದನ್ನೂ ರಿಪೇರಿಯಾದದ್ದನ್ನೂ ಸ್ವರದಲ್ಲಿ ಕೇಳಿದೆವು. ಬೋರಿಂಗಿನ ಸದ್ದು ಕೇಳಲಿಲ್ಲ.

ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಯ ತಾಂಡಾಗಳಿಂದ ಪ್ರತಿವರ್ಷ ಮಂಡ್ಯದ ಕಬ್ಬಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಗುಳೆ ಹೋಗುವವರಿದ್ದಾರೆ. ಮನೆಯಲ್ಲಿ ಅವರಾಡುವುದು ಲಂಬಾಣಿ, ಕಚೇರಿಯಲ್ಲಿ ಬೇಡುವುದು ಕನ್ನಡ. ಅವರ ಕೂಲಿ ಬಾಕಿಯ ದೂರಿಗೆ ಸ್ವರದಂಥ ಫೋನು ಬೇಕು. ಅದರ ಜತೆಗೆ ಯಾರಾದರೂ ರೆಕಾರ್ಡರ್ ಹಿಡಿದು ಅವರು ಗುಳೆ ಹೋಗುವ ಲಾರಿ ಹತ್ತಬೇಕು: ಬೀಗ ಹಾಕಿದ ಮನೆಯ ಮುಂದೆ ಮೊಮ್ಮಗನನ್ನು ಎತ್ತಿಕೊಂಡು ನಿಂತ ಅಜ್ಜಿಯ ಮಾತು, ಹಿಂದೆ ಬಿದ್ದ ನಾಯಿಯ ಬೊಗಳು, ಪಾತ್ರೆಗಳ ಕುಲುಕು, ಅವಳದೇ ಲಂಬಾಣಿಯಲ್ಲಿ, ಅರ್ಧ ಗಂಟೆ. ಹೊಸಪೇಟೆ ಆಕಾಶವಾಣಿಯಿಂದ ಅದು ಬಿತ್ತರವಾಗುವ ರಾತ್ರಿ ನಾನು ನಮ್ಮ ಮನೆಯಲ್ಲಿ ಟೀವಿ ಆರಿಸಿ ಕೂರುತ್ತೇನೆ.