ಕಿತ್ತ ಕಲ್ಲಿನ ಬೆಲೆ: ರಾಯಚೂರು ಯುದ್ಧಕ್ಕೊಂದು ಸಂದರ್ಶಕ ಕೇಂದ್ರ ಬೇಕಾದರೆ

ನಾನು ಗಟ್ಟು ಕಡೆಯವನು. ನಮ್ಮ ಸೀಮೆಯನ್ನು ತೆಲುಗಿನಲ್ಲಿ ನಡಿಗಡ್ಡ ಅಂತಾರೆ, ಹಳೆಯ ಕನ್ನಡ ಶಾಸನಗಳಲ್ಲಿ ಅದು ಎಡೆದೊರೆ. ಎರಡೂ ಹೇಳುವುದು ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನೆಲವನ್ನೇ. 1956ರವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಲ್ಲೇ ಇತ್ತು. ಹಾಗಾಗಿ ರಾಯಚೂರು ಕೋಟೆಗೆ ಹೋದರೆ ಪರರಾಜ್ಯಕ್ಕೆ ಹೋದಂತೆ ನಮಗೆ ಅನ್ನಿಸುವುದಿಲ್ಲ.

ಈ ನೆಲಕ್ಕಾಗಿ 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾನೂ ಕಾದಿದರು. ನಮ್ಮ ಮುಖ್ಯ ಆಕರವಾದ ಪೋರ್ಚುಗೀಸ್ ಬರಹಗಾರ ನ್ಯೂನಿಜ್ 1522 ಎನ್ನುತ್ತಾನೆ. 1520ರ ಮೇ 19 ಎಂಬ ತೇದಿ ರಾಬರ್ಟ್ ಸೆವೆಲ್ ಲೆಕ್ಕ ಹಾಕಿ ತಿದ್ದಿದ್ದು. ಕೋಟೆಯ ನವರಂಗ ದರವಾಜಾದಲ್ಲಿ ಶಿಲ್ಪ, ಶಾಸನಗಳ ವಸ್ತುಸಂಗ್ರಹಾಲಯವಿದೆ. ಆದರೆ ಯುದ್ಧ ನಡೆದ ಬಯಲಿಗೆ ಸಂದರ್ಶಕ ಕೇಂದ್ರವಿಲ್ಲ. ಒಂದು ಕಟ್ಟಬೇಕು ಎಂಬ ಮಾತಿಗೆ ನನ್ನ ವಿರೋಧವಿಲ್ಲ. ಹೇಗೆ ಕಟ್ಟಬೇಕು ಎನ್ನುವುದೇ ನನ್ನ ಪ್ರಶ್ನೆ.

ಸ್ಕಾಟ್ಲೆಂಡಿನ ಕಲೋಡನ್ ಯುದ್ಧಭೂಮಿಯನ್ನು (1746) ನಾವೆಲ್ಲ ಮಾದರಿಯಾಗಿ ಹೇಳ್ತೀವಿ. ಅಲ್ಲಿನ ಪ್ರದರ್ಶನ ಎರಡು ಪಕ್ಷಗಳ ಕಥೆಯನ್ನು ಎದುರುಬದುರಾಗಿ ಇಡುತ್ತದೆ, ಬಯಲಲ್ಲಿ ಕೆಂಪು ಮತ್ತು ನೀಲಿ ಬಾವುಟಗಳಿವೆ. ಇದನ್ನು ಹಾಗೇ ರಾಯಚೂರಿಗೆ ತಂದರೆ ಒಂದು ಗೋಡೆಗೆ ರಾಯ, ಇನ್ನೊಂದು ಗೋಡೆಗೆ ಷಾ. ಇವತ್ತಿನ ದಿನಮಾನದಲ್ಲಿ ಆ ಗೋಡೆಗಳನ್ನು ಜನ ಯಾವ ಹೆಸರಿನಿಂದ ಓದ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ. ಆಕರವೇ ಇದಕ್ಕೆ ಒಪ್ಪುವುದಿಲ್ಲ, ನೋಡಿ. ವಿಜಯನಗರದ ಕಡೆ ಕ್ರಿಸ್ತೋವಾವ್ ದ ಫಿಗೇರೆದೊ ಮತ್ತು ಅವನ ಕೋವಿಗಾರರು. ಆದಿಲ್ ಷಾಹಿ ಸೇನಾಪತಿ ಸಲಾಬತ್ ಖಾನನ ಕಾವಲಿಗೂ ಪೋರ್ಚುಗೀಸರೇ. ಇನ್ನು ವಿಜಯನಗರದ ಸೇನೆಯಲ್ಲಿ ಮುಸ್ಲಿಂ ಸೈನಿಕರಿದ್ದದ್ದು ಹೊಸ ಸಂಗತಿಯೇನಲ್ಲ.

ಕಳೆದ ಸಲ ಕೋಟೆಗೆ ಹೋದಾಗ ತಮ್ಮನನ್ನು ಕರೆದೊಯ್ದಿದ್ದೆ. ಕಥೆಯೆಲ್ಲ ಕೇಳಿ ಅವನು, "ಅಣ್ಣಾ, ಆಗ ನಮ್ಮೋರು ಯಾರ ಕಡೆ ಇದ್ರು?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಒಳಕೋಟೆಯ ಪಶ್ಚಿಮ ಗೋಡೆಯ ಕಲ್ಲಿನ ಮುಂದೆ ನಿಂತಾಗ ಹೊಳೆಯಿತು. ಸುಮಾರು 41 ಅಡಿ ಉದ್ದದ ಆ ಒಂದೇ ಕಲ್ಲಿನಲ್ಲಿ 1294ರ ತೆಲುಗು ಶಾಸನವಿದೆ. ಕಾಕತೀಯರ ಕಾಲದಲ್ಲಿ ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಹೆಸರಿದೆ. ಜೊತೆಗೆ, ಅದೇ ಕಲ್ಲನ್ನು ಬಂಡಿಯ ಮೇಲೆ ಸಾಲು ಸಾಲು ಕೋಣಗಳು ಎಳೆಯುವ, ಆಳುಗಳು ಅವನ್ನು ಹೊಡೆಯುವ ಚಿತ್ರವನ್ನೂ ಗೋಡೆಯ ಮೇಲೆ ಕೊರೆದಿದ್ದಾರೆ.

ಈಗ ನ್ಯೂನಿಜ್‌ನನ್ನು ಇದರ ಪಕ್ಕಕ್ಕಿಟ್ಟು ಓದಿ. ಮುತ್ತಿಗೆಯಲ್ಲಿ ಗುದ್ದಲಿ, ಹಾರೆ ಹಿಡಿದು ಗೋಡೆಯಿಂದ ಕಲ್ಲು ಕಿತ್ತು ತಂದ ಸೈನಿಕರಿಗೆ ಕಲ್ಲಿನ ಗಾತ್ರ ನೋಡಿ ದುಡ್ಡು ಕೊಡುತ್ತಿದ್ದರು ಎನ್ನುತ್ತಾನೆ ಅವನು. ಮೇಲಿನಿಂದ ಗುಂಡು, ಕಲ್ಲು ಬೀಳುತ್ತಿರುವಾಗ ಮಾಡಿದ ಕೂಲಿ ಅದು. ಕಲ್ಲು ತಂದವರ ಚಿತ್ರ ಗೋಡೆಯ ಮೇಲಿದೆ. ಕಿತ್ತವರದ್ದು ಒಂದು ಪುಸ್ತಕದ ಒಂದೆರಡು ಸಾಲಿನಲ್ಲಷ್ಟೇ ಉಳಿದಿದೆ.

ಮೇಡಂ ಚಾಟ್‌ನಲ್ಲಿ ಕೇಳಿದ್ದಾರೆ: "ಹಾಗಾದರೆ ಯುದ್ಧವನ್ನೇ ಬಿಟ್ಟು ಕೂಲಿಯ ಕಥೆ ಹೇಳೋಣ ಅಂತೀರಾ?" ಇಲ್ಲ ಮೇಡಂ. ರಾಜ, ಷಾ, ತೋಪು, ಹೊಳೆಯವರೆಗೆ ಅಟ್ಟಿಸಿಕೊಂಡು ಹೋದ ಸೇನೆ, ಎಲ್ಲವೂ ಇರಲಿ. ಆದರೆ ಒಳಗೆ ಕಾಲಿಟ್ಟವರಿಗೆ ಮೊದಲು ಸಿಗಬೇಕಾದದ್ದು ಬಾವುಟವಲ್ಲ, ಎತ್ತಿ ನೋಡಬಹುದಾದ ಒಂದು ಕಲ್ಲು. ಅದರ ಭಾರ ಕೈಗೆ ತಿಳಿದ ಮೇಲೆ "ಯಾರ ಕಡೆ" ಅನ್ನೋ ಪ್ರಶ್ನೆ ಬೇರೆ ಥರ ಕೇಳಿಸುತ್ತದೆ. ತಮ್ಮನಿಗೆ ನಾನು ಕೊಟ್ಟ ಉತ್ತರವೂ ಅಷ್ಟೇ: "ನಮ್ಮೋರು ಕಲ್ಲಿನ ಕಡೆ ಇದ್ದಿರಬೇಕು ಕಣೋ."